ಎರಡು ಟ್ಯಾಂಕಿನ ಲಾರಿ ಎಳೆಯದಿದ್ದಾಗ: ಕ್ಯಾನ್, ಟ್ರಾನ್ಸ್‌ಪರೆಂಟ್ ಪೈಪ್, ವ್ಯಾಕ್ಯೂಮ್ ಗೇಜ್

"ಸಾವ್ಕಾರ್ರೇ, ಕುಡತಿನಿ ದಾಟೋ ತನಕ ಚಲೋ ಬಂತ್ರಿ. ಆಮೇಲೆ ಏರಿನಲ್ಲಿ ಗಾಡಿ ಎಳೆಯಂಗಿಲ್ರಿ" ಅಂತ ನಮ್ಮ ಡ್ರೈವರ್ ಫೋನ್ ಮಾಡಿದ. ನಮ್ಮದು ಹತ್ತು ಚಕ್ರದ ಹಳೆಯ ಲಾರಿ, ಕಂಪ್ಯೂಟರ್ ಇಲ್ಲದ ಡೀಸೆಲ್ ಪಂಪಿನದು. ತೋರಣಗಲ್ಲಿನಿಂದ ಬಳ್ಳಾರಿ, ಗುಂತಕಲ್, ಗುತ್ತಿ ಮೇಲೆ ಕೃಷ್ಣಪಟ್ಟಣಂ ಬಂದರಿನವರೆಗೆ ಹೋಗುತ್ತದೆ. ದಾರಿ ಉದ್ದ ಇದೆ ಅಂತ ಬಲಗಡೆಯ ಟ್ಯಾಂಕಿನ ಜೊತೆಗೆ ಎಡಗಡೆ ಇನ್ನೊಂದು ಹಾಕಿಸಿದ್ದೆವು. ನಡುವೆ ಒಂದು ಕಾಕ್ ಇದೆ. ಅದನ್ನು ತಿರುಗಿಸಿದರೆ ಟ್ಯಾಂಕ್ ಬದಲಾಗುತ್ತದೆ, ಪಂಪಿನಿಂದ ವಾಪಸ್ ಬರುವ ಡೀಸೆಲ್ಲೂ ಅದೇ ಟ್ಯಾಂಕಿಗೆ ಹೋಗುತ್ತದೆ.

ಹೊಗೆ ಹೇಗಿತ್ತು ಅಂತ ಕೇಳಿದೆ. ಇಲ್ಲವೇ ಇಲ್ಲ ಅಂದ. ಎಳೆತ ಹೋಗಿ ಕಪ್ಪು ಹೊಗೆ ಬಂದರೆ ಸಾಮಾನ್ಯವಾಗಿ ಇಂಜಿನ್‌ಗೆ ಗಾಳಿ ಸಾಲುತ್ತಿಲ್ಲ ಅಂತ. ಹೊಗೆಯೇ ಇಲ್ಲದೆ ಎಳೆತ ಹೋದರೆ ಮೊದಲು ಡೀಸೆಲ್ ಕಡೆ ನೋಡಬೇಕು. ಅಲ್ಲಿಯವರೆಗೆ ಸರಿ. ಆದರೆ ಮುಂದೆ ಹೇಗೆ ಹುಡುಕುವುದು ಅನ್ನೋದರಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹೇಳುತ್ತಾರೆ. ನಾನು ಎಲ್ಲವನ್ನೂ ಇದೇ ಗಾಡಿಯ ಮೇಲೆ ಮಾಡಿ ನೋಡಿದ್ದೇನೆ.

ಎಲ್ಲರೂ ಮೊದಲು ಹಿಡಿಯೋದು ಸಾಮಾನು ಬದಲಿಸುವ ದಾರಿ. ಎರಡೂ ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿದೆವು. ಎರಡು ಟ್ರಿಪ್ ಆದ ಮೇಲೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಚಿಕ್ಕ ಪಂಪ್, ಅಂದರೆ ಫೀಡ್ ಪಂಪೂ ಹೊಸದು ಬಂತು. ಗಾಡಿ ಹಾಗೆಯೇ ಇತ್ತು. ಫಿಲ್ಟರ್ ಹೇಗೂ ಬದಲಿಸುವ ಟೈಮ್ ಆಗಿತ್ತು, ಅದಕ್ಕೆ ಬೇಜಾರಿಲ್ಲ. ಫೀಡ್ ಪಂಪಿನ ದುಡ್ಡು ಮಾತ್ರ ಇವತ್ತಿಗೂ ನೋಯುತ್ತದೆ.

ಎರಡನೆಯದು ಕಂಪ್ರೆಸರ್‌ನಿಂದ ಲೈನಿಗೆ ಉಲ್ಟಾ ಏರ್ ಹೊಡೆಯುವುದು. ಹೊಡೆದ ಕೂಡಲೇ ಗಾಡಿ ಹೊಸದರ ಹಾಗೆ ಓಡಿತು. ಐವತ್ತು ಅರವತ್ತು ಕಿಲೋಮೀಟರ್ ಆದ ಮೇಲೆ ಮತ್ತೆ ಅದೇ ಕತೆ. ಏರ್ ಹೊಡೆದರೆ ಕಸ ಟ್ಯಾಂಕಿಗೆ ವಾಪಸ್ ಹೋಗುತ್ತದೆ, ಹೊರಗೆ ಬರಲ್ಲ. ಆದರೂ ಇದರಿಂದ ಒಂದು ಸುಳಿವು ಸಿಗುತ್ತದೆ: ಏರ್ ಹೊಡೆದಾಗ ಸ್ವಲ್ಪ ಹೊತ್ತು ಸರಿಹೋಗುತ್ತದೆ ಅಂದರೆ ಎಲ್ಲೋ ಕಟ್ಟಿಕೊಳ್ಳುತ್ತಿದೆ. ಹೊಡೆಯುವ ಮುಂಚೆ ಟ್ಯಾಂಕಿನ ಮುಚ್ಚಳ ತೆಗೆಯಲೇಬೇಕು, ಪ್ರೆಶರ್ ಕಡಿಮೆ ಇರಬೇಕು. ಮುಚ್ಚಿದ ಟ್ಯಾಂಕಿಗೆ ಕಂಪ್ರೆಸರ್ ಬಿಟ್ಟರೆ ಟ್ಯಾಂಕ್ ಒಡೆಯಬಹುದು.

ಇಷ್ಟೆಲ್ಲಾ ಆದ ಮೇಲೆ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಡ್ರೈವರ್‌ನನ್ನು ಕೇಳಿದೆ. "ಯಾವ ಟ್ಯಾಂಕಿನಲ್ಲಿ ಓಡಿಸುವಾಗ ಹೀಗೆ ಆಗುತ್ತೆ?" ಅವನು ಸ್ವಲ್ಪ ಯೋಚನೆ ಮಾಡಿ, "ಎಡಗಡೇದ್ರಾಗೇ ರೀ" ಅಂದ. ಎರಡು ಟ್ಯಾಂಕ್ ಇರುವವರಿಗೆ ಇದು ಪುಕ್ಕಟೆ ಸಿಗುವ ಪರೀಕ್ಷೆ. ಅದೇ ಲೋಡ್, ಅದೇ ಏರು, ಕಾಕ್ ಮಾತ್ರ ತಿರುಗಿಸಬೇಕು. ಒಂದು ಟ್ಯಾಂಕಿನಲ್ಲಿ ಸರಿ, ಇನ್ನೊಂದರಲ್ಲಿ ತೊಂದರೆ ಅಂದರೆ ಕಾಕ್‌ನಿಂದ ಮುಂದೆ ಇರುವ ಫಿಲ್ಟರ್, ಫೀಡ್ ಪಂಪ್, ಇಂಜೆಕ್ಟರ್‌ಗಳಿಗೆ ಡೀಸೆಲ್ ಒತ್ತುವ ದೊಡ್ಡ ಪಂಪ್ ಯಾವುದರದ್ದೂ ತಪ್ಪಲ್ಲ. ಎರಡರಲ್ಲೂ ತೊಂದರೆ ಇದ್ದರೆ ಮುಂದಿನ ಕಡೆ ನೋಡಬೇಕು. ಕಾಕ್ ತಿರುಗಿಸಿದ ತಕ್ಷಣ ತೀರ್ಮಾನ ಮಾಡಬೇಡಿ. ಲೈನಿನಲ್ಲೂ ಫಿಲ್ಟರಿನಲ್ಲೂ ಹಳೆಯ ಟ್ಯಾಂಕಿನ ಡೀಸೆಲ್ ಇನ್ನೂ ಇರುತ್ತದೆ. ನಾವು ಹತ್ತು ಕಿಲೋಮೀಟರ್ ಓಡಿಸಿ ನೋಡುತ್ತೇವೆ.

ಆಮೇಲೆ ಕ್ಯಾನ್. ಐದು ಲೀಟರ್ ಕ್ಯಾನಿಗೆ ಶುದ್ಧ ಡೀಸೆಲ್ ಹಾಕಿ, ಟ್ಯಾಂಕಿನಿಂದ ಪೈಪ್ ಬಿಚ್ಚಿ ಕ್ಯಾನಿಗೆ ಬಿಟ್ಟು, ಟ್ಯಾಂಕಿನ ಬದಲು ಕ್ಯಾನಿನಿಂದ ಇಂಜಿನ್ ಓಡಿಸುವುದು. ತುಂಬಾ ಮೇಸ್ತ್ರಿಗಳಿಗೆ ಇದರ ಮೇಲೆ ಜಾಸ್ತಿ ನಂಬಿಕೆ. ನನಗೆ ಇದರಲ್ಲಿ ಎರಡು ತೊಡಕು ಕಂಡವು. ರಿಟರ್ನ್ ಪೈಪನ್ನೂ ಕ್ಯಾನಿಗೇ ಬಿಡಬೇಕು, ಇಲ್ಲದಿದ್ದರೆ ಕ್ಯಾನ್ ಬೇಗ ಖಾಲಿಯಾಗುತ್ತದೆ. ಇನ್ನೊಂದನ್ನು ಬಹಳ ಜನ ಗಮನಿಸಲ್ಲ. ಕ್ಯಾನನ್ನು ಪಂಪಿಗಿಂತ ಮೇಲೆ ಕಟ್ಟಿದರೆ ಡೀಸೆಲ್ ತಾನಾಗಿಯೇ ಇಳಿಯುತ್ತದೆ. ಫೀಡ್ ಪಂಪ್ ಸೋತಿದ್ದರೂ ಗಾಡಿ ಓಡಿಬಿಡುತ್ತದೆ, ನಾವು ಸುಮ್ನೆ ಟ್ಯಾಂಕನ್ನು ಬೈಯುತ್ತೇವೆ. ಅದಕ್ಕೆ ಕ್ಯಾನ್ ಟ್ಯಾಂಕಿನ ಮಟ್ಟದಲ್ಲೇ ಇರಬೇಕು, ಸೈಲೆನ್ಸರ್‌ನಿಂದ ದೂರ ಇರಬೇಕು. ನಿಂತ ಗಾಡಿಯಲ್ಲಿ ಸ್ಟಾರ್ಟ್ ಆಗದ ತೊಂದರೆಗೆ ಕ್ಯಾನ್ ಒಳ್ಳೆಯದು. ನಮ್ಮ ಹಾಗೆ ಲೋಡಿನಲ್ಲಿ ಮಾತ್ರ ಬರುವ ತೊಂದರೆಗೆ ಅಷ್ಟು ಉಪಯೋಗ ಆಗಲಿಲ್ಲ.

ಟ್ರಾನ್ಸ್‌ಪರೆಂಟ್ ಪೈಪ್ ಬೆಲೆಯಲ್ಲಿ ಎಲ್ಲಕ್ಕಿಂತ ಕಡಿಮೆ. ಕಾಕ್ ಮತ್ತು ಫೀಡ್ ಪಂಪ್ ನಡುವೆ ಒಂದು ತುಂಡು ಹಾಕಿದರೆ ಒಳಗೆ ಹೋಗುವ ಡೀಸೆಲ್ ಕಣ್ಣಿಗೆ ಕಾಣುತ್ತದೆ. ಫಿಲ್ಟರ್ ಬದಲಿಸಿದ ಮೇಲೆ ಸ್ವಲ್ಪ ಹೊತ್ತು ಗುಳ್ಳೆ ಬಂದು ನಿಲ್ಲುವುದು ಸಹಜ. ನಿಲ್ಲದೆ ಬರುತ್ತಿದ್ದರೆ ಎಲ್ಲೋ ಏರ್ ಎಳೆಯುತ್ತಿದೆ: ಸಡಿಲ ಕ್ಲಿಪ್, ಸವೆದ ತಾಮ್ರದ ವಾಷರ್, ಬಿರುಕು ಬಿಟ್ಟ ಪೈಪ್. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದರೆ ನಾನು ಇದನ್ನೇ ಮೊದಲು ಮಾಡುತ್ತೇನೆ. ನಮ್ಮ ಎಡ ಟ್ಯಾಂಕಿನಲ್ಲಿ ಒಂದು ಗುಳ್ಳೆಯೂ ಬರಲಿಲ್ಲ. ಸದ್ಯ, ಏರ್ ಅಲ್ಲ ಅಂತಾಯಿತು. ಪರೀಕ್ಷೆ ಮುಗಿದ ಮೇಲೆ ಈ ಪೈಪ್ ತೆಗೆದುಬಿಡಿ, ಸಾದಾ ಪ್ಲಾಸ್ಟಿಕ್ ಡೀಸೆಲ್‌ಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಕೊನೆಗೆ ಉತ್ತರ ಕೊಟ್ಟದ್ದು ವ್ಯಾಕ್ಯೂಮ್ ಗೇಜ್. ಫೀಡ್ ಪಂಪಿಗೆ ಮುಂಚೆ ಒಂದು ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ, ಗೇಜನ್ನು ಉದ್ದ ಪೈಪಿನಲ್ಲಿ ಕ್ಯಾಬಿನ್ ಒಳಗೆ ತಂದುಕೊಂಡೆವು. ಡೀಸೆಲ್ ಎಳೆಯಲು ಪಂಪ್ ಎಷ್ಟು ಕಷ್ಟಪಡುತ್ತಿದೆ ಅನ್ನೋದನ್ನು ಅದು ತೋರಿಸುತ್ತದೆ. ಬಲ ಟ್ಯಾಂಕಿನಲ್ಲಿ ಪೂರ್ತಿ ಲೋಡ್ ಇದ್ದಾಗಲೂ ಮುಳ್ಳು ಮೂರು ಇಂಚು (ಗೇಜಿನ ಮೇಲಿರುವ ಪಾದರಸದ ಇಂಚಿನ ಅಳತೆ) ದಾಟಲಿಲ್ಲ. ಎಡಕ್ಕೆ ತಿರುಗಿಸಿದೆವು. ಮೊದಲು ನಾಲ್ಕು, ಏರು ಬಂದಾಗ ಏಳು, ಆಮೇಲೆ ಹತ್ತರ ಹತ್ತಿರ ಹೋಯಿತು. ಅಲ್ಲಿಗೆ ಗಾಡಿ ಸೋತಿತು. ಗಾಡಿ ನಿಲ್ಲಿಸಿ ಎಡ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಮುಚ್ಚಳದ ಗಾಳಿಕಿಂಡಿ ಕಟ್ಟಿದ್ದರೆ ಆಗ ಸುಯ್ ಅಂತ ಗಾಳಿ ಒಳಗೆ ನುಗ್ಗುತ್ತದೆ. ಸದ್ದಿರಲಿಲ್ಲ. ಹಾಗಾದರೆ ಉಳಿದಿದ್ದು ಟ್ಯಾಂಕಿನ ಒಳಗಿನ ಪೈಪ್, ಅಲ್ಲಿಂದ ಕಾಕ್‌ವರೆಗಿನ ರಬ್ಬರ್ ಪೈಪ್, ಕಾಕ್‌ನ ಎಡ ಬಾಯಿ ಇಷ್ಟೇ.

ಗೇಜಿಗೆ ಫೀಡ್ ಪಂಪಿಗಿಂತ ತುಂಬಾ ಕಡಿಮೆ ದುಡ್ಡು ಸಾಕು. ಆದರೆ ಇದನ್ನು ಲೋಡಿನಲ್ಲೇ ನೋಡಬೇಕು, ಖಾಲಿ ಗಾಡಿಯಲ್ಲಿ ಮುಳ್ಳು ಏನೂ ಹೇಳಲ್ಲ. ಏರ್ ಎಳೆಯುತ್ತಿರುವ ಲೈನಿನಲ್ಲಿ ಮುಳ್ಳು ಕಡಿಮೆಯೇ ತೋರಿಸುತ್ತದೆ. ಹಾಗಾಗಿ ಮೊದಲು ಟ್ರಾನ್ಸ್‌ಪರೆಂಟ್ ಪೈಪ್, ಆಮೇಲೆ ಗೇಜ್.

2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆ ಮಿತಿಯ ಹೊಸ ನಿಯಮ) ಗಾಡಿಗಳಲ್ಲಿ ದೋಷ ಓದಲು ಸ್ಕ್ಯಾನರ್ ಹಾಕುತ್ತಾರೆ. ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಡೀಸೆಲ್ ಕೊಡುವ ಕೊಳವೆಯ ಪ್ರೆಶರ್) ಕಡಿಮೆ ಅಂತ ಅದು ಹೇಳುತ್ತದೆ, ಟ್ಯಾಂಕಿನ ಪೈಪ್ ಕಟ್ಟಿದೆ ಅಂತ ಹೇಳಲ್ಲ. ಅಲ್ಲೂ ಟ್ಯಾಂಕ್ ಕಡೆಯ ಲೈನನ್ನು ಗೇಜಿನಿಂದಲೇ ನೋಡಬೇಕು. ಇಂಜಿನ್ ಓಡುವಾಗ ಇಂಜೆಕ್ಟರ್ ಕಡೆಯ ಪೈಪಿಗೆ ಮಾತ್ರ ಕೈ ಹಾಕಬೇಡಿ. ಅಲ್ಲಿ ಪ್ರೆಶರ್ ಸಾವಿರ ಬಾರ್‌ಗಿಂತ ಮೇಲೆ ಹೋಗುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ನಮ್ಮ ಗಾಡಿಯಲ್ಲಿ ರಬ್ಬರ್ ಪೈಪ್ ಬಿಚ್ಚಿ ಉದ್ದಕ್ಕೆ ಕೊಯ್ದೆವು. ಹೊರಗೆ ಹೊಸದರ ಹಾಗಿತ್ತು. ಒಳಗಿನ ಪದರ ಒಂದು ಗೇಣಿನಷ್ಟು ಎದ್ದು, ನಾಲಿಗೆಯ ಹಾಗೆ ನೇತಾಡುತ್ತಿತ್ತು. ಡೀಸೆಲ್ ಜೋರಾಗಿ ಎಳೆದಾಗ ಅದೇ ದಾರಿ ಮುಚ್ಚುತ್ತಿತ್ತು, ಉಲ್ಟಾ ಏರ್ ಹೊಡೆದಾಗ ಮಡಚಿಕೊಂಡು ದಾರಿ ಬಿಡುತ್ತಿತ್ತು. ಎರಡೂ ಕಡೆ ಡೀಸೆಲ್‌ಗೆಂದೇ ಮಾಡಿದ ಪೈಪ್ ಹಾಕಿಸಿದೆವು. ಈಗ ಎಡ ಟ್ಯಾಂಕಿನಲ್ಲೂ ಏರಿನಲ್ಲಿ ಮುಳ್ಳು ಮೂರರ ಒಳಗೇ ನಿಲ್ಲುತ್ತದೆ.