ಅಬ್ಸಿಡಿಯನ್: ಆಟದ ಲೋಕ ಕಟ್ಟುವವರ ಹಳೇ ಚಾಳಿ ಹಿಡಿಯುವುದಕ್ಕೆ

ಆಟಕ್ಕೆ ಲೋಕ ಕಟ್ಟುವವರ ಚಾಳಿ ಹೆಸರುಗಳಲ್ಲಿ ಸಿಕ್ಕಿಬೀಳುವುದಿಲ್ಲ. ಹತ್ತು ಊರಿಗೆ ಹತ್ತು ಚೆಂದದ ಹೆಸರು. ಆದರೆ ಹತ್ತರಲ್ಲೂ ಹಳೆಯ ಸಾಮ್ರಾಜ್ಯ ಬಿದ್ದಿರುತ್ತದೆ, ಸಿಂಹಾಸನ ಖಾಲಿ ಇರುತ್ತದೆ, ಕಾಡಿನಲ್ಲಿ ಎಲ್ಲ ಬಲ್ಲ ಮುದುಕನೊಬ್ಬ ಕೂತಿರುತ್ತಾನೆ. ಕಾರವಾರ, ಕುಮಟೆ ಕಡೆಯವರ ನಕ್ಷೆಯಾದರೆ ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ಹೊಳೆಯ ಹತ್ತಿರ ಮಿರ್ಜಾನಿನಂಥ ಕೋಟೆ ಇದ್ದೇ ಇರುತ್ತದೆ. ಈ ಚಾಳಿ ಹಿಡಿಯಲು ಟಿಪ್ಪಣಿ ಬರೆದು ಒಂದಕ್ಕೊಂದು ಕೊಂಡಿ ಹಾಕುವ ಅಬ್ಸಿಡಿಯನ್ ಆ್ಯಪ್ ತುಂಬ ಒಳ್ಳೆಯ ಸಾಧನ, ಟಿಪ್ಪಣಿಗಳನ್ನು ಚುಕ್ಕಿಗಳಾಗಿ, ಕೊಂಡಿಗಳನ್ನು ಗೆರೆಗಳಾಗಿ ತೋರಿಸುವ, ಎಲ್ಲರೂ ಹೊಗಳುವ ಗ್ರಾಫ್ ಮಾತ್ರ ಇದಕ್ಕೆ ಉಪಯೋಗವಿಲ್ಲ. ಅಲ್ಲಿ ಚುಕ್ಕಿ ದೊಡ್ಡದಾದರೆ ಆ ಟಿಪ್ಪಣಿಗೆ ಕೊಂಡಿ ಹೆಚ್ಚು ಎಂದಷ್ಟೇ ಅರ್ಥ. ಯಾವ ಊರು ಯಾವುದರ ಪಡಿಯಚ್ಚು ಎಂದು ಅದಕ್ಕೆ ಗೊತ್ತಾಗುವುದಿಲ್ಲ.

ಕೆಲಸಕ್ಕೆ ಬರುವುದು ಪ್ರಾಪರ್ಟೀಸ್, ಅಂದರೆ ಟಿಪ್ಪಣಿಯ ತಲೆಯಲ್ಲಿ ತುಂಬುವ ವಿವರಗಳು, ಜೊತೆಗೆ ಅವನ್ನೆಲ್ಲ ಕೋಷ್ಟಕವಾಗಿ ತೋರಿಸುವ, 2025ರಲ್ಲಿ ಸೇರಿದ ಬೇಸಸ್. ಊರಿಗೊಂದು ಟಿಪ್ಪಣಿ ತೆರೆದು ಮೇಲ್ಗಡೆ ಐದು ಪ್ರಾಪರ್ಟಿ ಹಾಕಿ: ಆಳುವವರು, ಅನ್ನ, ಆದಾಯ, ಜಗಳದ ಮೂಲ, ಹಿಂದೆ ಕೆಟ್ಟದ್ದು. ಹದಿನೈದಿಪ್ಪತ್ತು ಊರು ತುಂಬಿದ ಮೇಲೆ ಬೇಸಸ್‌ನಲ್ಲಿ ಕೋಷ್ಟಕ ಮಾಡಿ, ಒಂದೊಂದೇ ಕಾಲಂ ಹಿಡಿದು ಸಾರ್ಟ್ ಮಾಡಿ. ಒಂದೇ ಉತ್ತರ ಸಾಲಾಗಿ ನಿಂತದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ. ‘ಅನ್ನ’ದ ಕಾಲಂ ಬಹುಪಾಲು ಖಾಲಿ ಇದ್ದರೆ ಅದೂ ಒಂದು ಚಾಳಿಯೇ: ಊರು ಏನು ತಿಂದು ಬದುಕುತ್ತದೆ ಎಂದು ಯೋಚಿಸದ ಕಡೆಯೇ ಸಿಂಹಾಸನದ ಜಗಳ ನುಗ್ಗುತ್ತದೆ.

ಕುಮಟೆ ಕಡೆಯ ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆ ನೋಡಿ. ಉಪ್ಪುನೀರು ತಡೆಯುವ ಕಗ್ಗ ಭತ್ತ, ಭರತದ ನೀರಿಗೆ ಕಟ್ಟಿದ ಒಡ್ಡು, ನೀರು ಬಿಡುವ ಬಾಗಿಲು, ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಬಾಗಿಲು ಯಾವಾಗ ತೆರೆಯಬೇಕು, ಯಾರು ತೆರೆಯಬೇಕು ಎನ್ನುವಲ್ಲೇ ಒಂದು ಆಟಕ್ಕಾಗುವಷ್ಟು ಜಗಳವಿದೆ, ರಾಜ ಬೇಕಿಲ್ಲ. ಹಾಗಂತ ಕಡಲು, ಘಟ್ಟವನ್ನೆಲ್ಲ ಅಳಿಸಬೇಡಿ. ಕಂಡು ಬಲ್ಲದ್ದು ಮರುಕಳಿಸಿದರೆ ಅಡ್ಡಿಯಿಲ್ಲ, ಬೇರೆ ಆಟಗಳಿಂದ ಬಂದು ಅಂಟಿಕೊಂಡದ್ದನ್ನು ಮೊದಲು ತೆಗೆಯಿರಿ.

ಎಡವುವುದು ಹೆಚ್ಚಾಗಿ ಪದಗಳಲ್ಲಿ. ಒಂದು ಕಡೆ ಅರಸ, ಇನ್ನೊಂದು ಕಡೆ ದೊರೆ, ಮತ್ತೊಂದು ಕಡೆ ರಾಜ ಎಂದು ಬರೆದರೆ ಸಾರ್ಟ್ ಮಾಡಿದಾಗ ಮೂರೂ ಚದುರಿ, ಚಾಳಿ ಅಡಗಿಕೊಳ್ಳುತ್ತದೆ. ಹಿಂದೆ ಬಳಸಿದ ಪದವನ್ನು ಆ್ಯಪ್ ತಾನೇ ಸೂಚಿಸುತ್ತದೆ, ಅದನ್ನೇ ಆರಿಸಿ. ಕನ್ನಡದಲ್ಲಿ ಹುಡುಕುವಾಗ ‘ಕಾಡು’ ಎಂದು ಹೊಡೆದರೆ ‘ಕಾಡಿನ’ ಸಿಗುವುದಿಲ್ಲ, ಕೊನೆಯ ಉಕಾರ ಬಿಟ್ಟು ‘ಕಾಡ’ ಎಂದು ಹೊಡೆಯಿರಿ. ಎರಡು ಚೌಕ ಆವರಣದೊಳಗೆ ಇನ್ನೊಂದು ಟಿಪ್ಪಣಿಯ ಹೆಸರು ಬರೆದು ಕೊಂಡಿ ಹಾಕುವಾಗಲೂ ಇದೇ ತೊಡಕು: [[ಕೋಟೆ]]ಯ ಎಂದು ಪ್ರತ್ಯಯ ಹೊರಗಿಡಬಹುದು, ‘ಕಾಡಿನ’ ಎಂಬಲ್ಲಿ ಮಾತ್ರ [[ಕಾಡು|ಕಾಡಿನ]] ಎಂದೇ ಬರೆಯಬೇಕು.

ಫೋನಿನಲ್ಲಿ ಪ್ರಾಪರ್ಟಿ ತುಂಬುವುದು ಬೇಸರದ ಕೆಲಸ, ಲ್ಯಾಪ್‌ಟಾಪೇ ಸರಿ. ಆ್ಯಪ್ ಉಚಿತ, ಬೇರೆ ಬೇರೆ ಸಾಧನಗಳಲ್ಲಿ ಟಿಪ್ಪಣಿ ಹೊಂದಿಸುವ ಸಿಂಕ್‌ನಂಥ ಹೆಚ್ಚುವರಿ ಸೇವೆಗಳಿಗಷ್ಟೇ ದುಡ್ಡು. ಬರೆದದ್ದೆಲ್ಲ ನಿಮ್ಮ ಫೋಲ್ಡರಿನಲ್ಲೇ ಸಾದಾ ಟೆಕ್ಸ್ಟ್ ಫೈಲಾಗಿ ಇರುವುದರಿಂದ ಶಿರಸಿಯ ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲುವುದಿಲ್ಲ. ವಾರಕ್ಕೊಮ್ಮೆ ಆ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಡಿ.