ಟೇಬಲ್ ಗೆರೆ ಎಳೆದರೆ ಪಕ್ಕದ ಕಾಲಂ ಏನಾಗುತ್ತೆ? ವರ್ಡ್, ರೈಟರ್, ಗೂಗಲ್ ಡಾಕ್ಸ್ ಹೋಲಿಕೆ

ನಮ್ಮ ಸ್ವಸಹಾಯ ಸಂಘದ ಉಳಿತಾಯದ ಪಟ್ಟಿ ಮಾಡುವುದು ನನ್ನ ಪಾಲಿನ ಕೆಲಸ. ಇರುವುದು ನಾಲ್ಕೇ ಕಾಲಂ: ಕ್ರಮ ಸಂಖ್ಯೆ, ಹೆಸರು, ಮೊತ್ತ, ಸಹಿ. ಹೊಸ ಟೇಬಲ್ ಹಾಕಿದರೆ ನಾಲ್ಕಕ್ಕೂ ಒಂದೇ ಅಗಲ. ‘1’ ಅಂತ ಬರೆಯೋಕೆ ನಾಲ್ಕು ಸೆಂಟಿಮೀಟರ್ ಯಾಕೆ ಬೇಕು? ಹಾಗಾಗಿ ಒಂದೇ ಪಟ್ಟಿಯನ್ನು ಮೂರು ಕಡೆ ಮಾಡಿ ನೋಡಿದೆ.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಎರಡು ಕಾಲಂ ನಡುವಿನ ಗೆರೆಯನ್ನು ಮೌಸ್‌ನಲ್ಲಿ ಹಿಡಿದು ಸುಮ್ನೆ ಪಕ್ಕಕ್ಕೆ ಎಳೆದರೆ ಒಂದು ಕಾಲಂ ಕುಗ್ಗಿದಷ್ಟು ಪಕ್ಕದ್ದು ಹಿಗ್ಗುತ್ತದೆ. ಶಿಫ್ಟ್ ಒತ್ತಿ ಎಳೆದರೆ ಎಡಗಡೆಯ ಕಾಲಂ ಮಾತ್ರ ಬದಲಾಗಿ, ಉಳಿದವು ತಮ್ಮ ಅಗಲ ಹಾಗೇ ಇಟ್ಟುಕೊಂಡು ಸರಿಯುತ್ತವೆ. ಕಂಟ್ರೋಲ್ ಒತ್ತಿ ಎಳೆದರೆ ಬಲಗಡೆಯ ಎಲ್ಲ ಕಾಲಂಗಳೂ ಆ ಜಾಗವನ್ನು ಹಂಚಿಕೊಳ್ಳುತ್ತವೆ, ಟೇಬಲ್ ಅಗಲ ಬದಲಾಗಲ್ಲ. ಮೌಸ್ ಹಿಡಿದು ಕೆಲಸ ಮಾಡುವವರಿಗೆ ಇದಕ್ಕಿಂತ ಅನುಕೂಲ ನನಗೆ ಕಾಣಲಿಲ್ಲ. ಒಂದು ಎಚ್ಚರ ಬೇಕು. ಯಾವುದಾದರೂ ಸೆಲ್ ಆಯ್ಕೆಯಾಗಿದ್ದರೆ ಅದರ ಗೆರೆ ಮಾತ್ರ ಸರಿಯುತ್ತದೆ. ನನ್ನ ಪಟ್ಟಿಯಲ್ಲಿ ಏಳನೇ ಸಾಲು ಹೀಗೆ ಸೊಟ್ಟಗಾಗಿದ್ದು ಪ್ರಿಂಟ್ ತೆಗೆದ ಮೇಲೇ ಗೊತ್ತಾಯಿತು. ಈಗ ಮೊದಲು ಬೇರೆ ಕಡೆ ಕ್ಲಿಕ್ ಮಾಡಿ ಆಮೇಲೆ ಎಳೆಯುತ್ತೇನೆ. ಒಳಗಿನ ಬರಹಕ್ಕೆ ತಕ್ಕಂತೆ ಅಗಲ ಹೊಂದಿಸುವ ‘ಆಟೋಫಿಟ್ ಕಂಟೆಂಟ್ಸ್’ ಇಂಥ ಪಟ್ಟಿಗೆ ಬೇಡವೇ ಬೇಡ. ಸಹಿಯ ಕಾಲಂ ಖಾಲಿ ಇರುತ್ತೆ ಅಲ್ವಾ, ಅದನ್ನೇ ಕಿರಿದಾಗಿಸಿಬಿಡುತ್ತದೆ.

ಲಿಬ್ರೆಆಫೀಸ್ ರೈಟರ್‌ನಲ್ಲಿ ನನಗೆ ಇಷ್ಟವಾದದ್ದು ಕೀಬೋರ್ಡ್. ಕರ್ಸರ್ ಕಾಲಂನಲ್ಲಿಟ್ಟು ಆಲ್ಟ್ ಜೊತೆ ಎಡ ಅಥವಾ ಬಲ ಬಾಣದ ಕೀ ಒತ್ತಿದರೆ ಅಗಲ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಒಂದೇ ಸೆಲ್ ಬದಲಾಗಬೇಕಾದರೆ ಕಂಟ್ರೋಲ್ ಕೂಡ ಸೇರಿಸಬೇಕು. ವರ್ಡ್‌ನಲ್ಲಾದಂತೆ ಗೊತ್ತಿಲ್ಲದೇ ಅಲ್ಲ, ಬೇಕು ಅಂತಲೇ ಮಾಡಿದರೆ ಮಾತ್ರ ಆಗುವಂಥದ್ದು. ಪಕ್ಕದ ಕಾಲಂ ಬದಲಾಗಬೇಕೋ, ಎಲ್ಲವೂ ಅನುಪಾತದಲ್ಲಿ ಬದಲಾಗಬೇಕೋ, ಟೇಬಲ್ ಅಗಲವೇ ಬದಲಾಗಬೇಕೋ ಅನ್ನುವುದನ್ನೂ ಆಪ್ಷನ್ಸ್‌ನಲ್ಲಿ ಮೊದಲೇ ಹೇಳಿಡಬಹುದು.

ಗೂಗಲ್ ಡಾಕ್ಸ್‌ನಲ್ಲಿ ಇಷ್ಟೆಲ್ಲ ಇಲ್ಲ. ಗೆರೆ ಎಳೆಯಬಹುದು, ಟೇಬಲ್ ಪ್ರಾಪರ್ಟೀಸ್‌ನಲ್ಲಿ ಅಗಲದ ಅಳತೆ ಕೊಡಬಹುದು. ನಾಲ್ಕು ಜನ ಸೇರಿ ಪಟ್ಟಿ ತುಂಬುವಾಗ ಅಷ್ಟು ಸಾಕು.

ಸಾಲಿನ ಎತ್ತರದ ವಿಷಯದಲ್ಲಿ ಮಾತ್ರ ಕನ್ನಡದವರು ಹುಷಾರಾಗಿರಬೇಕು. ಒಂದೇ ಪುಟದಲ್ಲಿ ಎಲ್ಲರ ಹೆಸರೂ ಬರಲಿ ಅಂತ ವರ್ಡ್‌ನಲ್ಲಿ ಎತ್ತರವನ್ನು ‘ಎಕ್ಸಾಕ್ಟ್ಲಿ’ (ಕೊಟ್ಟಷ್ಟೇ) ಇಟ್ಟು, ಅಳತೆ ತುಂಬಾ ಕಡಿಮೆ ಮಾಡಿದೆ. ಒತ್ತಕ್ಷರಗಳೆಲ್ಲ ಗೆರೆಯ ಕೆಳಗೆ ಮರೆಯಾದವು. ‘ಲಕ್ಷ್ಮಮ್ಮ’ ಹೋಗಿ ‘ಲಕಮ’ ಆಯಿತು! ಇಂಗ್ಲಿಷ್ ಹೆಸರಿಗೆ ಸಾಕಾಗುವ ಎತ್ತರ ನಮ್ಮ ಒತ್ತಿಗೆ ಸಾಲುವುದಿಲ್ಲ. ‘ಆಟ್ ಲೀಸ್ಟ್’ (ಕನಿಷ್ಠ ಇಷ್ಟು) ಅಂತ ಬದಲಾಯಿಸಿ 1 ಸೆಂ.ಮೀ. ಕೊಟ್ಟ ಮೇಲೆ ಸರಿಹೋಯಿತು. ರೈಟರ್‌ನಲ್ಲಾದರೆ ಬರಹಕ್ಕೆ ತಕ್ಕಂತೆ ಎತ್ತರ ಹೊಂದಿಸುವ ‘ಫಿಟ್ ಟು ಸೈಜ್’ ಟಿಕ್ ತೆಗೆಯಬೇಡಿ. ಡಾಕ್ಸ್‌ನಲ್ಲಿ ಕೊಡುವುದೇ ಕನಿಷ್ಠ ಎತ್ತರ, ಹಾಗಾಗಿ ಅಲ್ಲಿ ಈ ತೊಂದರೆ ಬರಲಿಲ್ಲ.

ಅವಸರದ ಕೆಲಸಕ್ಕೆ ಈಗಲೂ ವರ್ಡ್ ತೆರೆಯುತ್ತೇನೆ. ಸಂಘದ ಪಟ್ಟಿ ಮಾತ್ರ ರೈಟರ್‌ಗೆ ಹೋಯಿತು. ಎ4 ಹಾಳೆಗೆ ಎರಡೂ ಬದಿ 2 ಸೆಂ.ಮೀ. ಅಂಚು ಬಿಟ್ಟರೆ ಉಳಿಯುವುದು 17. ಕ್ರಮ ಸಂಖ್ಯೆಗೆ 1.2, ಹೆಸರಿಗೆ 6, ಮೊತ್ತಕ್ಕೆ 3 ಅಂತ ಬರೆದೆ. ಉಳಿದ 6.8 ಸಹಿಗೆ ಸಿಕ್ಕಿತು. ಹೆಬ್ಬೆಟ್ಟು ಒತ್ತುವ ನಮ್ಮ ಇಬ್ಬರು ಅಜ್ಜಿಯರಿಗೂ ಈಗ ಧಾರಾಳವಾಗಿ ಜಾಗ ಇದೆ.