ಸೆಶೆಲ್ಸ್‌ಗೆ ಹೋಗೋದಾ, ಮಾರಿಷಸ್‌ಗಾ?

ಎರಡೂ ಹಿಂದೂ ಮಹಾಸಾಗರದ ಆಫ್ರಿಕನ್ ದ್ವೀಪ ದೇಶಗಳು. ಎರಡೂ ಕಡೆ ದುಡ್ಡಿನ ಹೆಸರು ರೂಪಾಯಿಯೇ, ಆದರೆ ನಮ್ಮ ನೋಟು ನಡೆಯಲ್ಲ.

ಸೆಶೆಲ್ಸ್ ಅಂದರೆ 115 ದ್ವೀಪ, ಜನ ಸುಮಾರು ಒಂದು ಲಕ್ಷ ಮಾತ್ರ. ಹೆಚ್ಚಿನವರು ಮಾಹೆ ದ್ವೀಪದಲ್ಲೇ ಇದ್ದಾರೆ. ಅಲ್ಲಿಂದ ದೋಣಿಯಲ್ಲಿ ಪ್ರಾಲೆ (Praslin) ದ್ವೀಪಕ್ಕೆ ಹೋದರೆ ವಲೆ ದ ಮೇ ಕಾಡು ಸಿಗುತ್ತದೆ. ಕೊಕೊ ದ ಮೇರ್ ಮರದ ಕಾಯಿ ನೋಡಬೇಕಾದ್ದೇ. ಜೋಡಿ ತೆಂಗಿನಕಾಯಿ ಅಂಟಿಸಿದ ಹಾಗಿರುತ್ತದೆ, ಲೋಕದಲ್ಲೇ ಅತಿ ದೊಡ್ಡ ಬೀಜ. ಎತ್ತಿ ನೋಡಿದರೆ ಅಕ್ಕಿ ಮೂಟೆ ನೆನಪಾಗುತ್ತದೆ. ಪರವಾನಗಿ ಪತ್ರ ಇಲ್ಲದೆ ಮನೆಗೆ ತರೋ ಹಾಗಿಲ್ಲ. ಪಕ್ಕದ ಲಾ ದಿಗ್ ದ್ವೀಪದಲ್ಲಿ ಸೈಕಲ್ಲೇ ಸವಾರಿ. ಖರ್ಚು ಮಾತ್ರ ಜಾಸ್ತಿ, ಬೇಕಾದ್ದೆಲ್ಲ ಹಡಗಿನಲ್ಲಿ ಬರಬೇಕಲ್ವಾ?

ಮಾರಿಷಸ್‌ನಲ್ಲಿ ಹನ್ನೆರಡು ಲಕ್ಷಕ್ಕೂ ಜಾಸ್ತಿ ಜನ. 1834ರಿಂದ ಕಬ್ಬಿನ ತೋಟಗಳಿಗೆ ಭಾರತದಿಂದ ಕೂಲಿಗಳನ್ನು ಕರೆತಂದರು. ಈಗ ಅವರ ಸಂತತಿಯೇ ಹೆಚ್ಚು. ಶಿವರಾತ್ರಿಗೆ ಗಂಗಾ ತಲಾವ್ ಕೆರೆಗೆ ನಡೆದೇ ಹೋಗುವವರು ಸಾವಿರಾರು. ಬೀದಿಬದಿಯ ದಾಲ್ ಪುರಿ ತಿನ್ನದೆ ಬರಬೇಡಿ. ನಮ್ಮ ಹೋಳಿಗೆ ತರಹ ಒಳಗೆ ಬೇಳೆ, ಆದರೆ ಬೆಲ್ಲ ಇಲ್ಲ. ಎರಡೆರಡು ಜೋಡಿಸಿ, ಕಾಳಿನ ಸಾರು, ಚಟ್ನಿ ಹಾಕಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ.

ಅಪ್ಪ ಅಮ್ಮ, ಮಕ್ಕಳನ್ನು ಕರ್ಕೊಂಡು ಹೋಗೋದಾದರೆ, ಅದರಲ್ಲೂ ಸಸ್ಯಾಹಾರಿಗಳಾದರೆ, ಮಾರಿಷಸ್ಸೇ ಸರಿ. ಇಬ್ಬರೇ ಸುಮ್ನೆ ಕಡಲ ಮುಂದೆ ಕೂರಬೇಕು, ಕೈ ಸ್ವಲ್ಪ ಬಿಚ್ಚಿದರೂ ಪರವಾಗಿಲ್ಲ ಅಂದರೆ ಸೆಶೆಲ್ಸ್. ನನ್ನ ಓಟು? ಸೆಶೆಲ್ಸ್‌ನ ಆ ಜೋಡಿ ಕಾಯಿಗೆ.